ಉದ್ರಿ ವಹಿಯಲ್ಲಿ ಕಂಡ ಊರು

ನನ್ನ ವೆಲ್ಡಿಂಗ್ ಶೆಡ್ಡಿನ ಕಪಾಟಿನಲ್ಲಿ ಹನ್ನೊಂದು ಉದ್ರಿ ವಹಿಗಳಿವೆ. ಮೊದಲನೆಯದು 2004ರದ್ದು. ದಕ್ಷಿಣ ಗೋವಾದ ಸಾವರ್ಡೆಯಲ್ಲಿ ಜೆಟ್ಟಿಗೆ ಹೋಗುವ ರಸ್ತೆಯ ಪಕ್ಕ, ನಾನು ಆಯಿ ಎಂದು ಕರೆಯುವ ಅಲ್ಲಿನ ಅಜ್ಜಿಯೊಬ್ಬಳ ಜಾಗವನ್ನು ಬಾಡಿಗೆಗೆ ಹಿಡಿದು ನಾನು ಶೆಡ್ಡು ಹಾಕಿದ ವರ್ಷ ಅದು. ಒಂದು ಸೀಮೆ ಹೇಗೆ ಬೆಳೆಯುತ್ತದೆ, ಹೇಗೆ ಕುಸಿಯುತ್ತದೆ, ಮತ್ತೆ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ನಾನು ಕಲಿತದ್ದು ಈ ವಹಿಗಳಿಂದ. ಯಾರು ಉದ್ರಿ ಹೇಳಿದರು, ಯಾವ ಕೆಲಸಕ್ಕೆ ಹೇಳಿದರು, ಎಷ್ಟು ತಿಂಗಳಿಗೆ ತೀರಿಸಿದರು ಎಂಬ ಮೂರೇ ಸಂಗತಿಗಳು ಅವುಗಳಲ್ಲಿವೆ. ಇಪ್ಪತ್ತು ವರ್ಷ ಬರೆಯುತ್ತಾ ಹೋದರೆ ಊರಿನ ಚರಿತ್ರೆ ತಾನಾಗಿ ಅಲ್ಲಿ ಬಂದು ಕೂರುತ್ತದೆ.

ನಾನು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನವನು. ಹೊಸಪೇಟೆಯಲ್ಲಿ ಐಟಿಐ ಮುಗಿಸಿ, ಎರಡು ವರ್ಷ ಅಲ್ಲಿಯೇ ಲಾರಿ ಬಾಡಿ ಕಟ್ಟುವ ಅಂಗಡಿಯಲ್ಲಿ ದುಡಿದು, ಲೋಂಡಾ ಮಾರ್ಗದ ರೈಲು ಹತ್ತಿ ಬಂದೆ. ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಪಕ್ಕದಲ್ಲಿ ಘಟ್ಟ ಇಳಿದು, ಕುಳೆ ನಿಲ್ದಾಣ ಬಂದಾಗ ಮಣ್ಣಿನ ಬಣ್ಣ ನೋಡಿ ನೆಮ್ಮದಿಯಾಯಿತು. ನಮ್ಮೂರಿನದೇ ಕೆಂಪು. ಅದಿರು ಇದ್ದಲ್ಲಿ ಲಾರಿ ಇರುತ್ತದೆ, ಲಾರಿ ಇದ್ದಲ್ಲಿ ವೆಲ್ಡರ್‌ಗೆ ಅನ್ನವಿರುತ್ತದೆ ಎಂಬುದಷ್ಟೇ ಆಗ ನನಗಿದ್ದ ತಿಳಿವಳಿಕೆ.

ಗೋವಾ ಎಂದರೆ ಕಡಲತೀರ ಎಂದುಕೊಂಡವರಿಗೆ ಈ ಒಳನಾಡು ಗೊತ್ತಿರುವುದಿಲ್ಲ. ಇಲ್ಲಿನ ಗಣಿಗಳಿಗೆ ಮೊದಲು ಪರವಾನಗಿ ಕೊಟ್ಟವರು ಪೋರ್ಚುಗೀಸರು. 1950ರ ದಶಕದಲ್ಲಿ ಅದಿರು ಜಪಾನಿಗೆ ಹೋಗುತ್ತಿತ್ತು. ಗುಡ್ಡದಿಂದ ಟಿಪ್ಪರ್‌ನಲ್ಲಿ ನದಿಯ ಜೆಟ್ಟಿಗೆ, ಜೆಟ್ಟಿಯಿಂದ ಬಾರ್ಜ್ ಎಂಬ ಚಪ್ಪಟೆ ತಳದ ಸರಕು ದೋಣಿಯಲ್ಲಿ ಜುವಾರಿ, ಮಾಂಡೋವಿ ನದಿಗಳ ಮೇಲೆ ಮುರ್ಗಾಂವ್ ಬಂದರಿಗೆ, ಅಲ್ಲಿಂದ ಹಡಗಿಗೆ ಸಾಗುವುದು ಆಗಿನಿಂದ ಬಂದ ಕ್ರಮ. ಗೋವಾದ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ನಮ್ಮ ಸಂಡೂರಿನ ಅದಿರಿನ ಮುಂದೆ ಅದು ಬಡ ಅದಿರು. 2000ದ ನಂತರ ಚೀನಾದ ಉಕ್ಕಿನ ಕುಲುಮೆಗಳು ಆ ಬಡ ಅದಿರನ್ನೂ ಕೇಳತೊಡಗಿದವು. 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಬೆಲೆ ಏರಿತ್ತು, ಹಿಂದೆ ಬೇಡವೆಂದು ರಾಶಿ ಹಾಕಿದ್ದ ಗುಡ್ಡೆಗಳನ್ನೂ ಬಗೆದು ಸಾಗಿಸುತ್ತಿದ್ದರು. 2010ರ ಸುಮಾರಿಗೆ ಗೋವಾದಿಂದ ಹಡಗೇರುವ ಅದಿರು ವರ್ಷಕ್ಕೆ 5 ಕೋಟಿ ಟನ್ ದಾಟಿತ್ತು.

ಆಗಿನ ಕೆಲಸ ಹೇಗಿತ್ತೆಂದರೆ, ಟಿಪ್ಪರ್‌ನ ತಳದ ಪ್ಲೇಟ್ ಎರಡು ಹಂಗಾಮು ಬಾಳಿದರೆ ಹೆಚ್ಚು. ಲೋಡರ್ ಬಕೆಟ್ಟಿನಿಂದ ಬೀಳುವ ಅದಿರಿನ ಹೊಡೆತಕ್ಕೆ ನಡುವೆ ತಗ್ಗಾಗುತ್ತದೆ. ಸುರಿಯುವಾಗ ಜಾರಿ ಜಾರಿ ಡಾಲಾದ, ಅಂದರೆ ಹಿಂಬದಿಯ ಬಾಗಿಲಿನ ಹತ್ತಿರ ಸವೆದು ಕಾಗದದಂತಾಗುತ್ತದೆ. ಅದನ್ನು ಗ್ಯಾಸ್ ಕಟರ್‌ನಿಂದ ಕೊಯ್ದು ತೆಗೆದು 8 ಮಿಲಿಮೀಟರ್ ಪ್ಲೇಟ್ ಕೂರಿಸಿ ಬೆಸೆಯಬೇಕು. ಲೋಡರ್ ಬಕೆಟ್ಟಿನ ಹಲ್ಲುಗಳಿಗೆ ಬೇಗ ಸವೆಯದಂತೆ ಹಾರ್ಡ್‌ಫೇಸಿಂಗ್ ರಾಡ್ ಹಾಕಬೇಕು. ಚೆಂದ ಯಾರಿಗೂ ಬೇಕಿರಲಿಲ್ಲ, ಗಟ್ಟಿಯಾಗಿರಬೇಕಿತ್ತು, ಬೆಳಗಾಗುವುದರೊಳಗೆ ಗಾಡಿ ಸರದಿಗೆ ನಿಲ್ಲಬೇಕಿತ್ತು.

ಇಲ್ಲಿನ ಗಣಿ ಕೆಲಸಕ್ಕೆ ಹಂಗಾಮು ಉಂಟು. ಅಕ್ಟೋಬರ್‌ನಿಂದ ಮೇ ತನಕ ಸಾಗಾಟ, ಮಳೆಗಾಲದಲ್ಲಿ ಎಲ್ಲ ನಿಲ್ಲುತ್ತದೆ. ಹಾಗಾಗಿ ರಿಪೇರಿಯೆಲ್ಲ ಮಳೆಗಾಲದ ನಾಲ್ಕು ತಿಂಗಳಿಗೆ. ಆ ಹೊತ್ತಿನಲ್ಲಿ ಗಾಡಿ ಮಾಲೀಕನ ಕೈಯಲ್ಲಿ ದುಡ್ಡಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾವು ಉದ್ರಿಯಲ್ಲಿ ದುಡಿಯುತ್ತಿದ್ದೆವು, ಪ್ಲೇಟ್, ರಾಡ್, ಗ್ಯಾಸ್ ಎಲ್ಲವನ್ನೂ ನಾವೂ ಉದ್ರಿಯಲ್ಲೇ ತರುತ್ತಿದ್ದೆವು. ದಸರೆ ಕಳೆದು ಗಾಡಿ ಓಡತೊಡಗಿದ ಮೇಲೆ ತಿಂಗಳಿಗಿಷ್ಟೆಂದು ಹಣ ಬರುತ್ತಿತ್ತು. ಟಯರ್ ಅಂಗಡಿಯವನಿಗೂ ಹೀಗೆಯೇ, ಕಿರಾಣಿ ಅಂಗಡಿಯವನಿಗೂ ಹೀಗೆಯೇ. ಇಡೀ ಊರು ಮಳೆಗಾಲವನ್ನು ಬರುವ ಅಕ್ಟೋಬರ್‌ನ ಹೆಸರಿನಲ್ಲಿ ಉಣ್ಣುತ್ತಿತ್ತು.

2007ರಿಂದ 2011ರ ತನಕದ ನಾಲ್ಕು ವಹಿಗಳು ದಪ್ಪಗಿವೆ. ಈಗ ಅವುಗಳನ್ನು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಎಲ್ಲ ಹೆಸರುಗಳ ಮುಂದೆಯೂ ಗಾಡಿ ಸಂಖ್ಯೆ ಇರುವುದು. ಗದ್ದೆಯವನು, ಅಂಗಡಿಯವನು, ಪಂಚಾಯಿತಿಯಲ್ಲಿ ಗುಮಾಸ್ತನಾಗಿದ್ದವನು, ಎಲ್ಲರೂ ಗಾಡಿ ತೆಗೆದಿದ್ದರು. ಕಿರ್ಲಪಾಲದ ಕಡೆಯ ನಿವೃತ್ತ ಶಿಕ್ಷಕರೊಬ್ಬರು, ಎಲ್ಲರಿಗೂ ಅವರು ಮಾಸ್ತರ್, ಭವಿಷ್ಯನಿಧಿಯ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ಎರಡು ಟಿಪ್ಪರ್ ಕೊಂಡಿದ್ದರು. ಮಕ್ಕಳಿಗೆ ಪಾಠ ಹೇಳಿದಷ್ಟೇ ಶ್ರದ್ಧೆಯಿಂದ ಗಾಡಿಗೆ ಗ್ರೀಸ್ ಹಚ್ಚಿಸುತ್ತಿದ್ದರು. ಸರಿಯಾಗಿ ಒಂದನೇ ತಾರೀಕಿಗೆ ಬಂದು ಬಾಕಿ ಕೊಟ್ಟು, ವಹಿಯಲ್ಲಿ ತಮ್ಮ ಎದುರಿಗೇ ಹೊಡೆದುಹಾಕಿಸಿಕೊಂಡು ಹೋಗುತ್ತಿದ್ದರು.

ಆಗ ಕಾಣದೆ ಹೋದದ್ದನ್ನೂ ಬರೆಯಬೇಕು. ಆಯಿಯ ಮನೆಯ ಹಿಂದೆ ಅವಳ ಗದ್ದೆಯಿತ್ತು. ಮಳೆ ಬಂದಾಗ ಗಣಿಯ ಮಣ್ಣಿನ ಗುಡ್ಡೆಯಿಂದ ಹೂಳು ಹರಿದು ಬಂದು ಗದ್ದೆಯಲ್ಲಿ ನಿಲ್ಲುತ್ತಿತ್ತು. ಗಣಿಯ ಹೊಂಡ ನೀರಿನ ಮಟ್ಟಕ್ಕಿಂತ ಕೆಳಗಿಳಿದಾಗ ಒಳಗೆ ಬಸಿಯುವ ನೀರನ್ನು ಹಗಲು ರಾತ್ರಿ ಪಂಪು ಮಾಡಿ ಹೊರಗೆ ಹಾಕುತ್ತಾರೆ. ಸುತ್ತಲಿನ ಬಾವಿಗಳು ಬೇಸಿಗೆ ಬರುವ ಮುನ್ನವೇ ಬತ್ತುತ್ತವೆ. ಆಯಿಯ ಬಾವಿಯೂ ಹಾಗೆಯೇ ಬತ್ತಿತು. ಅವಳು ನನ್ನ ಶೆಡ್ಡಿನ ಬಾಡಿಗೆಯನ್ನು ನಂಬಿ ಬೇಸಾಯ ಬಿಟ್ಟಳು. ನಾನು ಅವಳಿಗೆ ಬಾಡಿಗೆ ಕೊಡುತ್ತಿದ್ದ ದುಡ್ಡು ಅವಳ ಗದ್ದೆಯನ್ನು ಮುಚ್ಚಿದ ಮಣ್ಣಿನಿಂದಲೇ ಬಂದದ್ದು ಎಂದು ನನಗೆ ಹೊಳೆಯಲು ಎಂಟು ವರ್ಷ ಬೇಕಾಯಿತು. ಈ ಮಾತು ಬರೆಯುವಾಗ ಈಗಲೂ ಎದೆ ಭಾರವಾಗುತ್ತದೆ.

ಎಚ್ಚರಿಕೆ ನಮ್ಮೂರಿನಿಂದಲೇ ಬಂದಿತ್ತು. 2010ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮರುವರ್ಷ ಅದೇ ತಿಂಗಳು ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು, ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಅಣ್ಣ ಫೋನು ಮಾಡಿ, ‘ತಮ್ಮಾ, ಇಲ್ಲಿ ಲಾರಿಗಳು ಹೊಲದಾಗ ನಿಂತಾವ. ನೀ ಅಲ್ಲಿ ಬೇರೆ ಏನಾದರೂ ಕಲಿತುಕೊ’ ಎಂದ. ಗೋವಾದ ಮಾತೇ ಬೇರೆ, ಇಲ್ಲಿ ಅರವತ್ತು ವರ್ಷದಿಂದ ನಡೆದಿದೆ ಎಂದು ನಾನು ಉತ್ತರಿಸಿದೆ.

2012ರ ಸೆಪ್ಟೆಂಬರ್ ಮೊದಲ ವಾರ, ಅಕ್ರಮ ಗಣಿಗಾರಿಕೆಯ ತನಿಖೆಗೆ ಕೇಂದ್ರ ಸರ್ಕಾರ ನೇಮಿಸಿದ್ದ ಷಾ ಆಯೋಗದ ವರದಿ ಸಂಸತ್ತಿನಲ್ಲಿ ಮಂಡನೆಯಾಯಿತು. ಕೆಲವೇ ದಿನಗಳಲ್ಲಿ ಗೋವಾ ಸರ್ಕಾರ ಗಣಿಗಳನ್ನು ನಿಲ್ಲಿಸಿತು. ಅಕ್ಟೋಬರ್ 5ರಂದು ಸುಪ್ರೀಂ ಕೋರ್ಟಿನ ತಡೆಯೂ ಬಂತು. ಆ ತಿಂಗಳನ್ನು ಗಮನಿಸಬೇಕು. ಮಳೆಗಾಲದ ರಿಪೇರಿಯೆಲ್ಲ ಮುಗಿದಿತ್ತು, ಒಂದು ರೂಪಾಯಿಯೂ ವಸೂಲಾಗಿರಲಿಲ್ಲ. ವರ್ಷದಲ್ಲಿ ಇಡೀ ಊರು ಅತಿ ಹೆಚ್ಚು ಸಾಲದಲ್ಲಿರುವ ವಾರವದು. ನನ್ನ ವಹಿಯಲ್ಲಿ ಮೂವತ್ತೊಂದು ಗಾಡಿಗಳ ಹೆಸರಿನಲ್ಲಿ 3 ಲಕ್ಷ 80 ಸಾವಿರ ರೂಪಾಯಿ ಬಾಕಿಯಿತ್ತು. ಮಡಗಾಂವ್‌ನ ಕಬ್ಬಿಣದ ಅಂಗಡಿಗೆ ನಾನು ಕೊಡಬೇಕಾದದ್ದು ಅದರ ಅರ್ಧಕ್ಕಿಂತ ಹೆಚ್ಚು.

ಆಮೇಲೆ ನಾನು ಮಾಡಿದ ದೊಡ್ಡ ತಪ್ಪು ಕಾಯುತ್ತಾ ಕೂತದ್ದು. ಹದಿನಾಲ್ಕು ತಿಂಗಳು ಕಾದೆ. ಊರೂ ಕಾಯಿತು. ಬೆಳಗ್ಗೆ ಚಹಾ ಅಂಗಡಿಯ ಮುಂದೆ ಕೋರ್ಟಿನ ಮುಂದಿನ ತಾರೀಕು ಯಾವುದೆಂಬ ಮಾತು. ಆ ತಾರೀಕು ಕಳೆದರೆ ಇನ್ನೊಂದು ತಾರೀಕು. ಗಾಡಿ ಮಾರಿದರೆ ನಾಳೆ ಶುರುವಾದಾಗ ಏನು ಗತಿ ಎಂದು ಯಾರೂ ಮಾರಲಿಲ್ಲ. ಬೇರೆ ಕೆಲಸ ಹಿಡಿದರೆ ಸರದಿಯಿಂದ ಹೆಸರು ಹೋಗುತ್ತದೆಂದು ಹಿಡಿಯಲಿಲ್ಲ. ಸರ್ಕಾರ ಗಾಡಿ ಮಾಲೀಕರಿಗೂ ಬಾರ್ಜ್ ಮಾಲೀಕರಿಗೂ ನೆರವು ಕೊಟ್ಟಿತು, ಸಾಲದ ಹೊರೆ ಇಳಿಸುವ ಯೋಜನೆ ತಂದಿತು. ಅದು ಬೇಕಿತ್ತು, ಇಲ್ಲದಿದ್ದರೆ ಎಷ್ಟೋ ಮನೆಗಳು ಉಪವಾಸ ಬೀಳುತ್ತಿದ್ದವು. ಆದರೆ ಸಾಲ ಮಾಡಿದ ಗಾಡಿಗೆ ನೆರವು ಸಿಕ್ಕಂತೆ, ಆ ಗಾಡಿಯನ್ನು ನಂಬಿ ಅನ್ನ ಬೇಯಿಸುತ್ತಿದ್ದವರಿಗೆ, ಟಯರ್ ಪಂಕ್ಚರ್ ಹಾಕುತ್ತಿದ್ದವರಿಗೆ ಸಿಗಲಿಲ್ಲ. ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದರಲ್ಲಿ ಬಹುಪಾಲು ಜನ ಗದಗ, ಕೊಪ್ಪಳ, ವಿಜಯಪುರ, ಬೆಳಗಾವಿ ಕಡೆಯವರು, ಅಂದರೆ ನಮ್ಮವರು. ಹಲವರು ಗಂಟುಮೂಟೆ ಕಟ್ಟಿ ಅದೇ ರೈಲಿನಲ್ಲಿ ಘಟ್ಟ ಹತ್ತಿದರು.

ಒಂದು ಸೀಮೆ ಬೇಗ ಬದಲಾಗುವುದಿಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಈ ಹದಿನಾಲ್ಕು ತಿಂಗಳನ್ನೇ ತೋರಿಸುತ್ತೇನೆ. ದುಡ್ಡು ಗಾಡಿಯಲ್ಲಿ ಸಿಕ್ಕಿಕೊಂಡಿತ್ತು. ಕೈಯ ಕಸುಬು ಗಾಡಿಗೆ ಮಾತ್ರ ಹೊಂದುವಂತಾಗಿತ್ತು. ಆಸೆ ಕೋರ್ಟಿನ ತಾರೀಕಿಗೆ ಜೋತುಬಿದ್ದಿತ್ತು. ನಾವು ಸೋಮಾರಿಗಳಾಗಿರಲಿಲ್ಲ, ಹಗಲು ರಾತ್ರಿ ದುಡಿದು ಬೆಳೆದ ಜನ. ಬೇರೆ ಯಾವ ದುಡಿಮೆಯೂ ನೆನಪಿಲ್ಲದಂತೆ ಒಂದೇ ಕೆಲಸ ನಮ್ಮನ್ನು ಹಿಡಿದುಕೊಂಡಿತ್ತು.

2013ರ ದೀಪಾವಳಿಯ ಮರುದಿನ ಆಯಿ ಶೆಡ್ಡಿಗೆ ಬಂದಳು. ಆರು ತಿಂಗಳ ಬಾಡಿಗೆ ಬಾಕಿಯಿತ್ತು. ಕೇಳಲು ಬಂದಿದ್ದಾಳೆ ಎಂದುಕೊಂಡೆ. ‘ಪುತಾ, ನಮ್ಮ ತಾರಸಿ ಸೋರುತ್ತದೆ. ಮೇಲೆ ತಗಡಿನ ಮಾಡು ಹಾಕಿಕೊಡು, ಬಾಡಿಗೆಗೆ ವಜಾ ಮಾಡಿಕೊಳ್ಳೋಣ’ ಎಂದಳು. ಅವಳ ಮೊಮ್ಮಗ ಗೇಟೂ ಬೇಕೆಂದ. ಆ ತಾರಸಿಯ ಮಾಡು ಹೇಗೋ ನಿಂತಿತು. ಗೇಟು ಮಾತ್ರ ಕೈಕೊಟ್ಟಿತು.

ಅದು ಯಾಕೆ ಕೆಟ್ಟಿತೆಂದು ಹೇಳಬೇಕು, ಯಾಕೆಂದರೆ ನನ್ನ ಬದಲಾವಣೆ ಶುರುವಾದದ್ದೇ ಅಲ್ಲಿಂದ. 8 ಮಿಲಿಮೀಟರ್ ಪ್ಲೇಟಿಗೆ ದಪ್ಪ ರಾಡಿನಲ್ಲಿ 160 ಆಂಪಿಯರ್ ಇಟ್ಟು ಬೆಸೆದು ಅಭ್ಯಾಸವಾದ ಕೈ ನನ್ನದು. ಗೇಟಿನ ಚೌಕ ಕೊಳವೆಯ ಗೋಡೆ ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ. ರಾಡು ಮುಟ್ಟಿಸಿದಲ್ಲೆಲ್ಲ ತೂತು ಬಿತ್ತು. ತೂತು ಮುಚ್ಚಲು ಮತ್ತಷ್ಟು ಲೋಹ ತುಂಬಿದೆ, ಕಾವು ಹೆಚ್ಚಾಗಿ ಚೌಕಟ್ಟು ಒಂದು ಮೂಲೆಗೆ ಎಳೆದುಕೊಂಡಿತು. ನಿಲ್ಲಿಸಿ ನೋಡಿದರೆ ಮೇಲಿನ ಮೂಲೆ ಕೆಳಗಿನದಕ್ಕೆ ಎರಡು ಬೆರಳು ಹೊಂದುತ್ತಿರಲಿಲ್ಲ. ಹತ್ತು ವರ್ಷದ ವೆಲ್ಡರ್ ನಾನು, ಒಂದು ಗೇಟು ಕೂರಿಸಲಾರದೆ ಹೋದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮೂರು ತಿಂಗಳು ಶೆಡ್ಡಿಗೆ ಬೀಗ ಹಾಕಿ ಮಡಗಾಂವ್‌ನ ಒಂದು ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಸಹಾಯಕನಾಗಿ ಸೇರಿದೆ. ನನಗಾಗ ಮೂವತ್ತಮೂರು ವರ್ಷ, ಅಲ್ಲಿ ಕಲಿಸಿದ ಹುಡುಗನಿಗೆ ಇಪ್ಪತ್ತೆರಡು. ಸಣ್ಣ ರಾಡು, 70 ಆಂಪಿಯರ್, ಮೊದಲು ನಾಲ್ಕೂ ಮೂಲೆಗೆ ಚುಕ್ಕಿ ಹಾಕುವುದು, ಕರ್ಣಗಳೆರಡನ್ನೂ ಟೇಪು ಹಿಡಿದು ಅಳೆಯುವುದು, ಎರಡೂ ಒಂದೇ ಬಂದರೆ ಮಾತ್ರ ಮುಂದುವರಿಯುವುದು, ಒಂದು ಮೂಲೆ ಬೆಸೆದ ಮೇಲೆ ಅದರ ಎದುರು ಮೂಲೆಗೆ ಹೋಗುವುದು, ಕಾವು ಒಂದೇ ಕಡೆ ಕೂಡದಂತೆ ನೋಡುವುದು. ಹೊಲಿಗೆ ಕಾಣದಂತೆ ಗ್ರೈಂಡರ್ ಹಿಡಿಯುವುದನ್ನೂ, ರೆಡ್ ಆಕ್ಸೈಡ್ ಹಚ್ಚುವ ಮುನ್ನ ತುಕ್ಕು ಕೆರೆಯುವುದನ್ನೂ ಕಲಿತೆ. ಗೋವಾದ ಮಳೆಗೆ ಬಣ್ಣದ ಕೆಳಗೆ ಒಂದು ಚುಕ್ಕಿ ತುಕ್ಕು ಉಳಿದರೂ ಎರಡನೇ ವರ್ಷ ಹೊರಗೆ ಬರುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ಅಂದಾಜು ಕೊಡುವುದು. ಟಿಪ್ಪರ್ ಕೆಲಸದಲ್ಲಿ ಮುಗಿದ ಮೇಲೆ ಲೆಕ್ಕ. ಇಲ್ಲಿ ಕೆಲಸಕ್ಕೆ ಮುನ್ನವೇ ಕಿಲೋ ಎಷ್ಟು, ಚದರಡಿ ಎಷ್ಟು ಎಂದು ಬಾಯಿಬಿಟ್ಟು ಹೇಳಬೇಕು, ಕತ್ತರಿಸಿದ ತುಂಡುಗಳ ನಷ್ಟವನ್ನು ಮೊದಲೇ ಸೇರಿಸಿರಬೇಕು. ಮೊದಲ ನಾಲ್ಕೈದು ಕೆಲಸಗಳಲ್ಲಿ ಕೈಯಿಂದಲೇ ಹಾಕಿಕೊಂಡೆ.

ವಾಪಸು ಬಂದು ಶೆಡ್ಡು ತೆರೆದು ಹಳೆಯ ವಹಿಗಳನ್ನು ಹರಡಿ ಕುಳಿತೆ. ಪ್ರತಿ ಪುಟದ ಬದಿಗೆ ಕೆಂಪು ಪೆನ್ನಿನಲ್ಲಿ ಆ ದುಡ್ಡು ಮೂಲದಲ್ಲಿ ಎಲ್ಲಿಂದ ಬಂದದ್ದು ಎಂದು ಬರೆಯುತ್ತಾ ಹೋದೆ. ಖಾನಾವಳಿಯ ಬೆಂಚು ಮಾಡಿಕೊಟ್ಟ ದುಡ್ಡು ಖಾನಾವಳಿಯದ್ದು ಎಂದು ಬರೆದಿದ್ದೆ, ಅದೂ ಡ್ರೈವರ್‌ಗಳ ಊಟದಿಂದ ಬಂದದ್ದು. ಶಾಲೆಯ ವಾರ್ಷಿಕೋತ್ಸವಕ್ಕೆ ಕಟ್ಟಿದ ಕಮಾನೂ ಗಾಡಿ ಮಾಲೀಕರ ದೇಣಿಗೆಯಿಂದ. ಎಂಟು ವರ್ಷದ ಪುಟಗಳಲ್ಲಿ ಗಣಿಯಿಂದ ಬಾರದ ಹಣ ಹುಡುಕಿದರೆ ಒಂದು ಪುಟವೂ ತುಂಬಲಿಲ್ಲ. ಅಂದು ಒಂದು ಲೆಕ್ಕ ಹಾಕಿಕೊಂಡೆ. ಇನ್ನು ಮುಂದೆ ಯಾವುದೇ ಒಂದು ಮೂಲದಿಂದ ವರ್ಷದ ಆದಾಯದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರಬಾರದು. ಹೆಚ್ಚಾದರೆ ಆ ಕೆಲಸಕ್ಕೆ ಇಲ್ಲ ಎನ್ನಬೇಕು. ಸಾಮಾನಿನ ದುಡ್ಡು ಮುಂಗಡ ಬರಬೇಕು, ಉದ್ರಿ ಕೂಲಿಗೆ ಮಾತ್ರ.

ಇಲ್ಲ ಎನ್ನುವುದು ಎಷ್ಟು ಕಷ್ಟವೆಂದು 2015ರಲ್ಲಿ ತಿಳಿಯಿತು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿ ಗಣಿಗಾರಿಕೆಗೆ ಅವಕಾಶ ಕೊಟ್ಟಿತ್ತು, ಮರುವರ್ಷ ಗಣಿಗಳು ಒಂದೊಂದಾಗಿ ತೆರೆದವು. ಮತ್ತೆ ಗಾಡಿಗಳು ಶೆಡ್ಡಿನ ಮುಂದೆ ಸಾಲುಗಟ್ಟಿದವು. ಹೆಂಡತಿ, ಇಬ್ಬರು ಮಕ್ಕಳು, ಕಬ್ಬಿಣದ ಅಂಗಡಿಯ ಹಳೆಯ ಬಾಕಿ ಇಟ್ಟುಕೊಂಡು, ಕೈಗೆ ಬಂದ ಕೆಲಸವನ್ನು ಪಕ್ಕದ ಶೆಡ್ಡಿಗೆ ಕಳಿಸುವುದು ನನಗೆ ಸುಲಭವಾಗಿರಲಿಲ್ಲ. ‘ಮೇಸ್ತ್ರಿ, ಎದುರಿಗೆ ಬಂದ ಲಕ್ಷ್ಮಿಯನ್ನು ತಿರುಗಿಸಿ ಕಳಿಸುತ್ತೀಯಾ?’ ಎಂದು ಮಾಸ್ತರ್ ಬೈದರು. ಅವರು ಈ ಮಧ್ಯೆ ಒಂದು ಗಾಡಿ ಮಾರಿ ಸಾಲಕ್ಕೆ ಕಟ್ಟಿದ್ದರು, ಇನ್ನೊಂದನ್ನು ಉಳಿಸಿಕೊಂಡಿದ್ದರು.

ಆ ಹೊತ್ತಿಗೆ ನಾವು ಐದು ಶೆಡ್ಡುಗಳವರು ಕೂಡಿಕೊಂಡಿದ್ದೆವು. ಮೂವರು ಕನ್ನಡಿಗರು, ಒಬ್ಬ ಕುಡಚಡೆಯ ಕೊಂಕಣಿಗ, ಒಬ್ಬ ಉತ್ತರ ಪ್ರದೇಶದವನು. ಕೊಳವೆ, ತಗಡುಗಳನ್ನು ಒಬ್ಬೊಬ್ಬರೇ ತರುವ ಬದಲು ಒಟ್ಟಿಗೆ ತರಿಸಿದೆವು. ಕೊಳವೆ ಬಗ್ಗಿಸುವ ಯಂತ್ರವೊಂದನ್ನು ಐವರೂ ಸೇರಿ ಕೊಂಡೆವು. ಘಟ್ಟದ ಮೇಲಿನಿಂದ ಬಂದವರನ್ನು ಹೀಗಳೆಯಲು ಇಲ್ಲಿ ಒಂದು ಮಾತಿದೆ. ಅದನ್ನು ನಾನು ಬರೆಯಲಾರೆ, ಕೇಳಿಸಿಕೊಂಡವರಿಗೆ ಗೊತ್ತು. ಗಣಿಯ ಹಣ ಹರಿಯುವಾಗ ಆ ಮಾತು ಬಹಳ ಕೇಳಿಸುತ್ತಿತ್ತು, ನಾವು ಕೂಲಿಗಳು, ಅವರು ಮಾಲೀಕರು. ಹಣ ನಿಂತು ಎಲ್ಲರೂ ಒಂದೇ ಬೆಂಚಿನಲ್ಲಿ ಕುಳಿತ ಮೇಲೆ ಕಡಿಮೆಯಾಯಿತು. ಪೂರಾ ಹೋಗಿಲ್ಲ. ಆದರೆ ಯಂತ್ರದ ಬೀಗದ ಕೈ ಈಗ ವಾರಕ್ಕೊಬ್ಬರ ಮನೆಯಲ್ಲಿ ಇರುತ್ತದೆ. ನನ್ನ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ.

2018ರ ಫೆಬ್ರುವರಿ 7ರಂದು ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಿತು. ಮಾರ್ಚ್ ಮಧ್ಯಕ್ಕೆ ಗಣಿಗಳು ಎರಡನೇ ಸಲ ನಿಂತವು. ಈ ಸಲ ನನ್ನ ವಹಿಯಲ್ಲಿ ಗಾಡಿಗಳ ಬಾಕಿ 40 ಸಾವಿರ. ನೋವಾಯಿತು, ಬೀಳಲಿಲ್ಲ.

ಬಿದ್ದವರು ಬಹಳ ಜನ. ಗೇರು ತೋಟಗಳಲ್ಲಿ ಸಾಲಾಗಿ ನಿಲ್ಲಿಸಿದ್ದ ಟಿಪ್ಪರ್‌ಗಳ ಮೇಲೆ ಬಳ್ಳಿ ಹಬ್ಬಿತು. ಗುಜರಿಯವರು ಬಂದರು. ನಾನು ಒಂಬತ್ತು ಗಾಡಿಗಳನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿದ್ದೇನೆ. ಮಾಸ್ತರರ ಕೊನೆಯ ಗಾಡಿಯೂ ಅದರಲ್ಲಿ ಒಂದು. ಅದರ ತಳಕ್ಕೆ ಮೂರು ಸಲ ಪ್ಲೇಟ್ ಹಾಕಿದ್ದು ನಾನೇ. ಕತ್ತರಿಸುವಾಗ ನನ್ನದೇ ಹೊಲಿಗೆ ಎದುರಾಯಿತು, ಪ್ಲೇಟ್ ಕೊಯ್ದಷ್ಟು ಸಲೀಸಾಗಿ ಅದು ಕೊಯ್ಯಲಿಲ್ಲ. ಮಾಸ್ತರ್ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯ ತನಕ ಕೂತು ನೋಡಿದರು. ಕೊನೆಗೆ ಎದುರಿನ ‘ಶ್ರೀ ಶಾಂತಾದುರ್ಗಾ ಪ್ರಸನ್ನ’ ಎಂದು ಬರೆಸಿದ್ದ ಫಲಕವನ್ನು ಬಿಚ್ಚಿಕೊಟ್ಟೆ. ಟವಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಹೋದರು.

ಆ ವರ್ಷದ ನಂತರದ ವಹಿಗಳನ್ನು ಓದುವುದು ನನಗೆ ಇಷ್ಟ. ಹೆಸರುಗಳ ಮುಂದೆ ಗಾಡಿ ಸಂಖ್ಯೆ ಇಲ್ಲ, ಬದಲಿಗೆ ನೂರು ಬಗೆಯ ಕೆಲಸಗಳಿವೆ. ಕುಳೆಯಿಂದ ದೂಧಸಾಗರಕ್ಕೆ ಪ್ರವಾಸಿಗರನ್ನು ಒಯ್ಯುವ ಜೀಪುಗಳಿಗೆ ಹಿಡಿಕೆ ಮತ್ತು ಮೆಟ್ಟಿಲು. ಹಂದಿ, ಕಾಡುಕೋಣಗಳ ಕಾಟಕ್ಕೆ ತೋಟದ ಬೇಲಿಯ ಕಂಬ. ಗೇರುಹಣ್ಣಿನ ಹಂಗಾಮಿನಲ್ಲಿ ಹಣ್ಣಿನ ರಸ ಹಿಂಡುವ ಒತ್ತುಗಳ ಚೌಕಟ್ಟು. ಕೊಟ್ಟಿಗೆಯ ಮಾಡು. ವೆರ್ಣಾದ ಕಾರ್ಖಾನೆಗೆ ಹೋಗುವ ಹುಡುಗರ ಬೈಕಿಗೆ ಸ್ಟ್ಯಾಂಡು. ಒಂದೊಂದೂ ಸಣ್ಣ ಮೊತ್ತ. ಹಿಂದೆ ಒಂದು ಗಾಡಿಯಿಂದ ಬರುತ್ತಿದ್ದ ದುಡ್ಡಿಗೆ ಈಗ ಎಂಟು ಮನೆಗಳ ಕೆಲಸ ಮಾಡಬೇಕು. ಆದಾಯ ಹಿಂದಿನ ಮಟ್ಟಕ್ಕೆ ಮತ್ತೆಂದೂ ಏರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದೇ ದಿನ ಎಲ್ಲರೂ ಒಟ್ಟಿಗೆ ಬಾಕಿ ಉಳಿಸುವುದು ಈಗ ಸಾಧ್ಯವೇ ಇಲ್ಲ.

ಅವುಗಳಲ್ಲಿ ನನಗೆ ಬಹಳ ಹತ್ತಿರವಾದ ಪುಟ, ನಾವು ಅಕ್ಕ ಎಂದು ಕರೆಯುವ ಖಾನಾವಳಿಯವರದು. ಗದಗ ಕಡೆಯ ಅವರು ಜೆಟ್ಟಿ ರಸ್ತೆಯಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತಿದ್ದರು. 2012ರಲ್ಲಿ ಒಂದೇ ತಿಂಗಳಿಗೆ ಖಾನಾವಳಿ ಖಾಲಿಯಾಯಿತು. ಎಲ್ಲರೂ ಊರಿಗೆ ಹೋಗಿ ಎಂದರು. ಅವರು ಹೋಗಲಿಲ್ಲ. ‘ಉಣ್ಣೋ ಮಂದಿ ಇಲ್ಲಿಂದ ಹೋಗ್ಯಾರ, ಗೋವಾದಿಂದ ಹೋಗಿಲ್ಲ’ ಎಂದರು. ಮಡಗಾಂವ್, ವೆರ್ಣಾ, ವಾಸ್ಕೋ ಕಡೆ ಕಟ್ಟಡಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಜನಕ್ಕೆ ಜೋಳದ ರೊಟ್ಟಿ ಬೇಕು, ಕೋಣೆಯಲ್ಲಿ ಬಡಿಯಲು ಹೊತ್ತಿಲ್ಲ. ಕಟಕ್ ರೊಟ್ಟಿಯಾದರೆ ವಾರಗಟ್ಟಲೆ ಕೆಡುವುದಿಲ್ಲ. ಮೊದಲು ದಿನಕ್ಕೆ ನೂರು ರೊಟ್ಟಿ, ಶೇಂಗಾ ಚಟ್ನಿ ಜೊತೆ ಬುಟ್ಟಿಯಲ್ಲಿ ಬಸ್ಸಿಗೆ ಹಾಕಿಕೊಂಡು ತಾವೇ ಹೋದರು. ಮಳೆಗಾಲದಲ್ಲಿ ಗೋವಾದ ತೇವಕ್ಕೆ ರೊಟ್ಟಿ ಮೆತ್ತಗಾಗುತ್ತಿತ್ತು. ಒಲೆಯ ಬಿಸಿಯನ್ನೇ ಬಳಸಿ ಒಣಗಿಸುವ ಚೌಕಟ್ಟು ಮಾಡಿಕೊಡಲು ನನ್ನನ್ನು ಕೇಳಿದರು. ಎರಡು ಸಲ ಕೆಡಿಸಿದೆ. ಮೂರನೇ ಸಲ ಜಾಲರಿಯನ್ನು ಒಲೆಗೆ ಓರೆಯಾಗಿ, ಐದು ಅಂತಸ್ತಾಗಿ ಕೂರಿಸಿ, ಮೇಲೆ ಹಬೆ ಹೋಗಲು ಕಿಂಡಿ ಬಿಟ್ಟಾಗ ಸರಿಬಂತು. ಈಗ ಅವರ ಬಳಿ ಆರು ಹೆಂಗಸರು ದುಡಿಯುತ್ತಾರೆ, ಅದರಲ್ಲಿ ಇಬ್ಬರು ಕೊಂಕಣಿಯವರು, ಗಾಡಿ ಮಾಲೀಕರಾಗಿದ್ದವರ ಮನೆಯವರು. ಜೋಳದ ರೊಟ್ಟಿ ಬಡಿಯಲು ಕಲಿತಿದ್ದಾರೆ. ಅವರು ಬಡಿಯುವಾಗ ಎರಡೂ ಭಾಷೆ ಕಲೆಸಿ ಮಾತಾಡುವುದನ್ನು ಕೇಳಲು ನಾನು ಚೌಕಟ್ಟು ನೋಡುವ ನೆಪದಲ್ಲಿ ಹೋಗಿ ಕೂರುತ್ತೇನೆ.

ಎಲ್ಲವೂ ಹೀಗೆ ಕೂಡಿಬಂತು ಎಂದು ತಿಳಿಯಬೇಡಿ. ಧಾರಬಾಂದೋಡೆಯ ಸಂಜೀವನಿ ಸಹಕಾರಿ ಸಕ್ಕರೆ ಕಾರ್ಖಾನೆ, ಗೋವಾಕ್ಕೆ ಇದ್ದದ್ದು ಅದೊಂದೇ, ಕಬ್ಬು ಅರೆಯುವುದನ್ನು ನಿಲ್ಲಿಸಿತು. ಗಣಿ ಬಿಟ್ಟು ಹೊಲಕ್ಕೆ ಮರಳಿದವರಿಗೆ ಅದು ಇನ್ನೊಂದು ಪೆಟ್ಟು. ಓದಿದ ಮಕ್ಕಳು ಕಡಲತೀರದ ಹೋಟೆಲುಗಳಿಗೆ, ಪುಣೆಗೆ ಹೋದರು. ನನ್ನ ಬಳಿ ಕಲಿತ ಇಬ್ಬರು ಹುಡುಗರು ಮೋಪಾ ವಿಮಾನ ನಿಲ್ದಾಣ ಕಟ್ಟುವಾಗ ಅಲ್ಲಿಗೆ ಹೋದವರು ತಿರುಗಿ ಬರಲಿಲ್ಲ. ನಮ್ಮ ಊರಿನ ಮೇಲಿಂದ ಹಾದುಹೋಗುವ ಗೂಡ್ಸ್ ರೈಲು ಮುರ್ಗಾಂವ್‌ನಲ್ಲಿ ಇಳಿದ ಕಲ್ಲಿದ್ದಲನ್ನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಒಯ್ಯುತ್ತದೆ. ನಾನು ಹುಟ್ಟಿದ ಸೀಮೆಗೂ ನಾನು ದುಡಿಯುವ ಸೀಮೆಗೂ ಈಗ ಉಳಿದಿರುವ ನಂಟು ಅದರ ಕರಿ ಧೂಳು.

2014ರ ತೀರ್ಪಿನಲ್ಲಿ ಒಂದು ಸಂಗತಿಯಿದೆ, ಅದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮಾರಿದ ಅದಿರಿನ ಹಣದಲ್ಲಿ ಶೇಕಡಾ 10ನ್ನು ಮುಂದಿನ ಪೀಳಿಗೆಗಾಗಿ ಶಾಶ್ವತ ನಿಧಿಯಲ್ಲಿ ಇಡಬೇಕೆಂದು ಕೋರ್ಟು ಹೇಳಿತು. ಗುಡ್ಡ ಒಮ್ಮೆ ಹೋದರೆ ಹೋಯಿತು, ಅದನ್ನು ತಿಂದವರು ಮಕ್ಕಳ ಪಾಲನ್ನು ತೆಗೆದಿಡಬೇಕು ಎಂಬ ಮಾತು ಕಾನೂನಾಗಿ ಬಂದದ್ದು ಸಣ್ಣದಲ್ಲ. ನಾವು ಬಳ್ಳಾರಿಯವರು ಇದನ್ನು ಇಪ್ಪತ್ತು ವರ್ಷ ಮೊದಲೇ ಕೇಳಬೇಕಿತ್ತು.

ಆಯಿಯ ಗದ್ದೆಯ ಹೂಳನ್ನು 2019ರಲ್ಲಿ ತೆಗೆಸಿದೆವು. ಪೂರ್ತಿ ಅಲ್ಲ, ಮನೆಗೆ ಹತ್ತಿರವಿದ್ದ ಎರಡು ತುಂಡು. ಬಾಡಿಗೆಯ ಲೆಕ್ಕದಲ್ಲಿ ಅರ್ಧ ಖರ್ಚು ನಾನು ಹಾಕಿದೆ, ಅದನ್ನು ನಾನು ದಾನವೆಂದು ತಿಳಿದಿಲ್ಲ. ಗಣಿಯ ಪಂಪುಗಳು ನಿಂತ ಮೇಲೆ ಬಾವಿಯಲ್ಲಿ ನೀರು ಮೇಲೆ ಬಂದಿತ್ತು. ಮೊದಲ ವರ್ಷ ಭತ್ತ ಹಳದಿಯಾಗಿ ಸೊರಗಿತು. ಮೂರನೇ ವರ್ಷ ಆಯಿ ತನ್ನ ಕೈಯಾರೆ ಕುಯ್ದ ಅಕ್ಕಿಯ ಎರಡು ಸೇರನ್ನು ನಮ್ಮ ಮನೆಗೆ ಕಳಿಸಿದಳು. ಕೆಂಪಕ್ಕಿ. ನನ್ನ ಹೆಂಡತಿ ಅದನ್ನು ಮೊದಲು ದೇವರ ಮುಂದೆ ಇಟ್ಟಳು.

2022ರ ಡಿಸೆಂಬರ್‌ನಲ್ಲಿ ಗೋವಾ ಸರ್ಕಾರ ಗಣಿ ಬ್ಲಾಕ್‌ಗಳನ್ನು ಹರಾಜು ಹಾಕಿತು. ಮೊದಲ ಕಂತಿನ ನಾಲ್ಕರಲ್ಲಿ ನಮ್ಮ ಸಾಂಗೆ ತಾಲ್ಲೂಕಿನ ಕಾಳೆಯೂ ಒಂದು. 2024ರಲ್ಲಿ ಉತ್ತರದ ಡಿಚೋಲಿಯಲ್ಲಿ ಮತ್ತೆ ಅದಿರು ತೆಗೆಯತೊಡಗಿದರು. ಚಹಾ ಅಂಗಡಿಯಲ್ಲಿ ಮತ್ತೆ ತಾರೀಕಿನ ಮಾತು ಕೇಳಿಸುತ್ತಿದೆ.

ಹೋದ ತಿಂಗಳು ಮಾಸ್ತರರ ಮಗ ಹಳೆಯ ಟಿಪ್ಪರ್ ಒಂದನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಮಾಸ್ತರ್ ಈಗಿಲ್ಲ. ಮಹಾರಾಷ್ಟ್ರದ ಕಡೆಯಿಂದ ಅಗ್ಗಕ್ಕೆ ಸಿಕ್ಕಿತಂತೆ. ತಳ ಪೂರಾ ಹೋಗಿದೆ. ಎದುರಿನ ಗಾಜಿನ ಮೇಲೆ ಹಳೆಯ ‘ಶ್ರೀ ಶಾಂತಾದುರ್ಗಾ ಪ್ರಸನ್ನ’ ಫಲಕವನ್ನು ತಂತಿಯಿಂದ ಕಟ್ಟಿದ್ದ. ನಾನು ವಹಿ ತೆಗೆದು ಅವನ ಅಪ್ಪನ ಪುಟ ತೋರಿಸಿದೆ, 2012ರದ್ದು. ಅದರಲ್ಲಿ ಬಾಕಿ ಇರಲಿಲ್ಲ. ಮಾಸ್ತರ್ ಗಾಡಿ ಮಾರಿದ ದಿನವೇ ಬಂದು ಕೊಟ್ಟು ಹೊಡೆದುಹಾಕಿಸಿದ್ದರು. ಆಮೇಲೆ ಇಬ್ಬರೂ ಬಹಳ ಹೊತ್ತು ಕೂತು ಮಾತಾಡಿದೆವು. ಎಷ್ಟು ಸಾಲ ತೆಗೆದಿದ್ದಾನೆ, ಗಣಿ ನಿಂತರೆ ಗಾಡಿಗೆ ಬೇರೆ ಯಾವ ಕೆಲಸವಿದೆ, ಹೆಂಡತಿ ಏನು ಮಾಡುತ್ತಾಳೆ, ಗದ್ದೆ ಇದೆಯೋ ಮಾರಿದ್ದಾನೋ ಎಂದೆಲ್ಲ ಕೇಳಿದೆ. ಅವನು ಬೇಸರಿಸದೆ ಉತ್ತರಿಸಿದ. ಹೆಂಡತಿ ಅಕ್ಕನ ಬಳಿ ರೊಟ್ಟಿ ಬಡಿಯಲು ಹೋಗುತ್ತಾಳೆ, ಗದ್ದೆ ಮಾರಿಲ್ಲ, ಕಲ್ಲು ಮತ್ತು ಜಲ್ಲಿ ಸಾಗಿಸಲು ಒಬ್ಬರ ಜೊತೆ ಮಾತಾಗಿದೆ.

ಪ್ಲೇಟಿನ ಹಣವನ್ನು ಮುಂಗಡ ಇಸಿದುಕೊಂಡೆ. ಕೂಲಿಯನ್ನು ಅವನ ಹೆಸರಿನಲ್ಲಿ ಹೊಸ ಪುಟಕ್ಕೆ ಬರೆದೆ. ಗಾಡಿ ಶೆಡ್ಡಿನ ಎಡಗಡೆ ನಿಂತಿದೆ. ಬಲಗಡೆ ನೇತ್ರಾವಳಿಯ ತೋಟವೊಂದರ ಬೇಲಿಯ ನಲವತ್ತು ಕಂಬಗಳು ಒಣಗುತ್ತಿವೆ, ಅವಕ್ಕೆ ಇನ್ನೊಂದು ಕೈ ಬಣ್ಣ ಆಗಬೇಕು. 8 ಮಿಲಿಮೀಟರ್ ಪ್ಲೇಟ್ ಬುಧವಾರ ಬರುತ್ತದೆ.